ಒಂದು ಚಕ್ರ, ಎರಡು ಅಳತೆ

ಹೆಂಡತಿ ಸ್ಟೂಲು ತನ್ನಿ ಎಂದಾಗ ಸ್ಟೂಲನ್ನೇ ತರುವ ಗಂಡಸರ ಬಗ್ಗೆ ನನಗೆ ಗೌರವವಿದೆ. ಆದರೆ ಅಂಥವರ ಬಗ್ಗೆ ಕಥೆ ಬರೆಯಲು ಏನೂ ಸಿಗುವುದಿಲ್ಲ.

ನಮ್ಮ ಅಡುಗೆಮನೆಯ ಮೇಲಿನ ಗೂಡು ನನ್ನವಳ ಕೈಗೆ ಎಟುಕುವುದಿಲ್ಲ. ಎಂಟು ತಿಂಗಳಿಂದ ಅವಳು ಒಂದು ಎತ್ತರದ ಸ್ಟೂಲು ಕೇಳುತ್ತಿದ್ದಳು. ಎಂಟು ತಿಂಗಳಿಂದ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ತುದಿಗಾಲಲ್ಲಿ ನಿಂತು ಡಬ್ಬ ಇಳಿಸುತ್ತಿದ್ದಳು. ಹಾಗೆಂದು ನಾನು ಕೈಕಟ್ಟಿ ಕೂತಿದ್ದೆ ಎಂದು ಯಾರೂ ತಿಳಿಯಬಾರದು. ಸ್ಟೂಲಿನ ಎತ್ತರ ಎಷ್ಟಿರಬೇಕು, ಕಾಲು ಮೂರೋ ನಾಲ್ಕೋ, ಮರವೋ ಕಬ್ಬಿಣವೋ ಎಂದು ಪಟ್ಟಿ ಮಾಡುತ್ತಿದ್ದೆ. ನನ್ನ ಉದ್ಯೋಗವೇ ಅದು. ಊರಿನ ರಸ್ತೆ ಕಚೇರಿಯ ಸ್ಟೋರಿನಲ್ಲಿ ನಾನು ಗುಮಾಸ್ತ. ಏಣಿ, ಸಲಿಕೆ, ಡಾಂಬರಿನ ಡ್ರಮ್ಮು, ಏನೇ ಕೊಳ್ಳಬೇಕಾದರೂ ಅದರ ಉದ್ದ ಅಗಲ ತೂಕ ಬರೆದು ಕಡತ ತಯಾರು ಮಾಡುವವನು ನಾನೇ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಏಣಿ ಹತ್ತಿಲ್ಲ, ಸಲಿಕೆ ಹಿಡಿದಿಲ್ಲ. ಆದರೆ ನನ್ನ ಕಡತದಲ್ಲಿ ಅಳತೆ ತಪ್ಪಿದ್ದು ಯಾರಾದರೂ ತೋರಿಸಲಿ ನೋಡೋಣ.

ಆ ಭಾನುವಾರ ಬಕೆಟ್ಟು ಜಾರಿ ಡಬ್ಬವೊಂದು ನನ್ನ ತಲೆಯ ಹತ್ತಿರವೇ ಹಾದುಹೋದ ಮೇಲೆ, ಇವತ್ತು ಸ್ಟೂಲು ತಂದೇ ತರುತ್ತೇನೆ ಎಂದು ಹೊರಟೆ. ನಮ್ಮದು ಏರು ತಗ್ಗಿನ ಊರು. ನಮ್ಮ ಮನೆ ಟ್ಯಾಂಕ್ ರಸ್ತೆಯ ನೆತ್ತಿಯಲ್ಲಿದೆ, ಅಂಗಡಿಗಳೆಲ್ಲ ಬುಡದಲ್ಲಿವೆ. ಬುಡದ ಮೊದಲ ಅಂಗಡಿ ಸೈಕಲ್ ರಿಪೇರಿಯವನದು. ಅವನ ಗೋಡೆಯ ಮೇಲೆ ಆರು ವರ್ಷದಿಂದ ಒಂದು ಒಂಟಿಚಕ್ರದ ಸೈಕಲ್ಲು ನೇತಾಡುತ್ತಿತ್ತು. ಯಾವುದೋ ಆಟದ ತಂಡದವನು ರಿಪೇರಿಗೆ ಬಿಟ್ಟು ಹೋದವನು ಮತ್ತೆ ಬಂದಿರಲಿಲ್ಲ. ಹ್ಯಾಂಡಲ್ಲಿಲ್ಲ, ಬ್ರೇಕಿಲ್ಲ, ಒಂದು ಚಕ್ರ, ಮೇಲೊಂದು ಸೀಟು, ಅಷ್ಟೇ. ಆದರೆ ಆ ಸೀಟನ್ನು ಮೇಲೆ ಕೆಳಗೆ ಮಾಡಬಹುದಿತ್ತು! ಎಂಟು ತಿಂಗಳಿಂದ ನನ್ನನ್ನು ಕಾಡಿದ ಎತ್ತರದ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

"ಇದರ ಚಕ್ರ ತೆಗೆದು ಮೂರು ಕಾಲು ಬೆಸೆದ್ರೆ ಸ್ಟೂಲ್ ಆಗುತ್ತಲ್ವೇನಯ್ಯಾ?" ಎಂದೆ.

ರಿಪೇರಿಯವನು ಸೈಕಲ್ಲನ್ನು ಗೋಡೆಯಿಂದ ಇಳಿಸಿದ. "ತಗೊಂಡು ಹೋಗಿ ಸ್ವಾಮಿ. ಗೋಡೆ ಖಾಲಿ ಆಗುತ್ತೆ" ಎಂದ. ಟೈರಿನಲ್ಲಿ ಗಾಳಿ ಇರಲಿಲ್ಲ. ಸ್ಟೂಲಿಗೆ ಗಾಳಿ ಯಾಕೆ ಎಂದು ನಾನೂ ಹಾಕಿಸಲಿಲ್ಲ.

ಹೆಗಲ ಮೇಲೆ ಹೊತ್ತು ಏರು ಹತ್ತಿದೆ. ಆಗ ರಸ್ತೆಗೆ ಬರೀ ಜಲ್ಲಿ ಹಾಕಿದ್ದರು. ಅರ್ಧಕ್ಕೆ ಬರುವಷ್ಟರಲ್ಲಿ ಜಾರಿ ಬಿದ್ದೆ, ಮೊಣಕಾಲಿನ ಹತ್ತಿರ ಪ್ಯಾಂಟು ಹರಿಯಿತು, ಮೈಯೆಲ್ಲ ಧೂಳಾಯಿತು. ಎದ್ದು ಚಕ್ರವನ್ನು ಉರುಳಿಸಿಕೊಂಡು, ಏದುಸಿರು ಬಿಡುತ್ತಾ ನೆತ್ತಿ ಮುಟ್ಟಿದೆ. ಅಲ್ಲಿ ನನ್ನ ಷಡ್ಡಕ ನಿಂತಿದ್ದ. ಇವನು ನನ್ನವಳ ಅಕ್ಕನ ಗಂಡ. ಇಪ್ಪತ್ತೊಂದು ಗೇರಿನ ಸೈಕಲ್ಲು, ತಲೆಗೆ ಹೆಲ್ಮೆಟ್ಟು, ಮೈಗಂಟಿದ ಹಳದಿ ಅಂಗಿ, ಮನೆಯಲ್ಲಿ ಗೋಡೆ ತುಂಬ ಪದಕ. ಮದುವೆಯಾದ ಹದಿಮೂರು ವರ್ಷದಿಂದ ನಮ್ಮ ಮನೆಯಲ್ಲಿ ಎಲ್ಲಕ್ಕೂ ಅವನೇ ಅಳತೆಗೋಲು. ಅವತ್ತು ಅವನು ಪಕ್ಕದ ಏರಿನಿಂದ ಬಂದು, ಕೊನೆಯ ನೂರು ಹೆಜ್ಜೆ ಸೈಕಲ್ಲು ತಳ್ಳಿಕೊಂಡು ಬಂದಿದ್ದ.

ಜಗಲಿಯಲ್ಲಿ ಕೂತಿದ್ದ ನಮ್ಮ ಕೆಳಮನೆಯ ಮೇಷ್ಟ್ರು ಅವನನ್ನೂ ನೋಡಿದರು, ನನ್ನನ್ನೂ ನೋಡಿದರು. ನಲವತ್ತು ವರ್ಷ ರೇಖಾಗಣಿತ ಕಲಿಸಿದವರು, ತೀರ್ಮಾನಕ್ಕೆ ಬೇಗ ಬರುತ್ತಾರೆ.

"ಅಬ್ಬಾ! ಇಪ್ಪತ್ತೊಂದು ಗೇರ್ ಇದ್ದೋರು ತಳ್ಕೊಂಡು ಬಂದ್ರು. ನಮ್ಮ ಗುಮಾಸ್ತರು ಒಂದೇ ಚಕ್ರದಲ್ಲಿ ಹತ್ಕೊಂಡು ಬಂದ್ರಲ್ರೀ!"

ಅಲ್ಲ ಎನ್ನಲು ಬಾಯಿ ತೆರೆದೆ. ಉಸಿರು ಬಂತೇ ಹೊರತು ಮಾತು ಬರಲಿಲ್ಲ. ಏದುಸಿರು ಬಿಡುವವನ ಮೌನವನ್ನು ಜನ ವಿನಯ ಎಂದು ತಿಳಿಯುತ್ತಾರೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಮಾತು ಬರುವ ಹೊತ್ತಿಗೆ ನನ್ನವಳು ಬಾಗಿಲಿಗೆ ಬಂದಿದ್ದಳು. ಅವಳು ಚಕ್ರ ನೋಡಿದಳು, ಹರಿದ ಪ್ಯಾಂಟು ನೋಡಿದಳು, ಭಾವನ ಮುಖ ನೋಡಿದಳು. ಆಮೇಲೆ ತಲೆ ಎತ್ತಿ, "ನಮ್ಮವರು ಏನನ್ನೂ ಹೇಳ್ಕೊಳ್ಳೋದಿಲ್ಲ ಭಾವ" ಎಂದಳು.

ಹದಿಮೂರು ವರ್ಷದಲ್ಲಿ ಅವಳ ಬಾಯಲ್ಲಿ 'ನಮ್ಮವರು' ಎಂಬ ಮಾತು ಆ ಧಾಟಿಯಲ್ಲಿ ಬಂದಿರಲಿಲ್ಲ. ನನ್ನ ಎದೆ ಎರಡು ಇಂಚು ಉಬ್ಬಿತು. ನಿಜ ಹೇಳಿ ಆ ಎರಡು ಇಂಚು ಕಳೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಮುಂದಿನ ಎಲ್ಲ ಪಾಡಿಗೂ ಕಾರಣ ಅದೇ.

ಷಡ್ಡಕ ಮಾತ್ರ ಸುಮ್ಮನೆ ಬಿಡುವ ಆಸಾಮಿಯಲ್ಲ. "ಹೌದೇನಪ್ಪಾ? ಎಲ್ಲಿ, ಒಂದು ಸುತ್ತು ಹೊಡೆದು ತೋರ್ಸು" ಎಂದ.

ಹತ್ತೊಂಬತ್ತು ವರ್ಷದ ಸೇವೆ ಆಗ ಕೈಹಿಡಿಯಿತು. "ತೋರಿಸಬಹುದು. ಆದರೆ ಈ ಏರಿಗೆ ಚಕ್ರದ ಅಳತೆ ಸರಿಯಿಲ್ಲ. ಕ್ರ್ಯಾಂಕಿನ ಉದ್ದವೂ ಪರಿಶೀಲನೆಯಲ್ಲಿದೆ" ಎಂದೆ. ಮೇಷ್ಟ್ರು ತಲೆದೂಗಿದರು. ಪರಿಶೀಲನೆಯಲ್ಲಿದೆ ಎಂದ ಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ಮರುದಿನ ಸುದ್ದಿ ನನಗಿಂತ ಮೊದಲೇ ಕಚೇರಿ ಸೇರಿತ್ತು. ಸಾಹೇಬರು ಒಳಗೆ ಕರೆದರು. ಟ್ಯಾಂಕ್ ರಸ್ತೆಗೆ ಡಾಂಬರು ಹಾಕಿ ಮುಗಿದ ದಿನ ಏನಾದರೂ ಹೊಸದು ಮಾಡಬೇಕೆಂದು ಅವರು ಒದ್ದಾಡುತ್ತಿದ್ದರಂತೆ.

"ಟೇಪ್ ಕತ್ತರಿಸೋದು ಎಲ್ಲರೂ ಮಾಡ್ತಾರೆ ಕಣ್ರೀ. ನಮ್ಮ ಸಿಬ್ಬಂದಿಯೇ ಒಂಟಿಚಕ್ರದ ಸೈಕಲ್ಲಲ್ಲಿ ಬುಡದಿಂದ ನೆತ್ತಿಗೆ ಹತ್ತಿ ರಸ್ತೆ ಉದ್ಘಾಟನೆ ಮಾಡಿದ್ರೆ? ರಸ್ತೆ ಎಷ್ಟು ನಯವಾಗಿದೆ ಅಂತ ಅದೇ ಸರ್ಟಿಫಿಕೇಟು!"

"ಸಾರ್, ಚಕ್ರದ ಅಳತೆ ಇನ್ನೂ..."

"ತೀರ್ಮಾನ ಮಾಡಿ. ರಸ್ತೆಗೆ ಇನ್ನೂ ಎರಡು ತಿಂಗಳಿದೆ."

ರಸ್ತೆ ಕೆಲಸದ ಎರಡು ತಿಂಗಳು ಎಂದರೆ ಮೂರು ತಿಂಗಳು. ಅಷ್ಟರಲ್ಲಿ ಗ್ರಂಥಾಲಯದ ಒಂದು ಹಳೆಯ ಪುಸ್ತಕ, ದೂರದ ಅಂಗಡಿಗಳಿಂದ ತರಿಸಿದ ಕ್ಯಾಟಲಾಗು ಎಲ್ಲ ಓದಿ ನಾನು ಒಂಟಿಚಕ್ರದ ವಿದ್ವಾಂಸನಾದೆ. ಸೈಕಲ್ಲು ಮಾತ್ರ ನಮ್ಮ ಮಹಡಿ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ನಾನು ಅದರ ಹತ್ತಿರ ಹೋಗುತ್ತಿದ್ದದ್ದು ಟೇಪು ಹಿಡಿದು ಅಳೆಯಲು ಮಾತ್ರ.

ಊಟಕ್ಕೆ ಕೂತಾಗಲೆಲ್ಲ ನನ್ನವಳಿಗೆ ಪಾಠ. "ನೋಡು, ಇದಕ್ಕೆ ಗೇರಿಲ್ಲ. ಪೆಡಲು ಒಂದು ಸುತ್ತು ತುಳಿದರೆ ಚಕ್ರ ಒಂದೇ ಸುತ್ತು. ಚಕ್ರ ದೊಡ್ಡದಾದ್ರೆ ದೂರ ಹೋಗುತ್ತೆ, ಆದ್ರೆ ಏರಲ್ಲಿ ತುಳಿಯೋಕೆ ಜೀವ ಹೋಗುತ್ತೆ. ಸಣ್ಣದಾದ್ರೆ ಏರು ಹತ್ತುತ್ತೆ, ಆದ್ರೆ ತುಳಿದಷ್ಟೂ ಮುಗಿಯಲ್ಲ."

"ಕ್ರ್ಯಾಂಕ್ ಅಂದ್ರೆ?" ಎಂದು ಅವಳು ಕೇಳಿದಳು.

"ಪೆಡಲನ್ನ ಚಕ್ರದ ಅಚ್ಚಿಗೆ ಸೇರಿಸೋ ಕಬ್ಬಿಣದ ತೋಳು. ಸ್ಪ್ಯಾನರ್ ಉದ್ದ ಇದ್ದಷ್ಟೂ ನಟ್ಟು ಸುಲಭವಾಗಿ ಬಿಚ್ಚುತ್ತಲ್ಲ? ಹಾಗೇ ತೋಳು ಉದ್ದ ಇದ್ರೆ ಏರಲ್ಲಿ ಬಲ ಜಾಸ್ತಿ. ಗಿಡ್ಡ ಇದ್ರೆ ಸಮತಟ್ಟಲ್ಲಿ ಕಾಲು ಚುರುಕಾಗಿ ತಿರುಗುತ್ತೆ."

"ಇಳಿಯುವಾಗ ಹೇಗೆ ತಡೀಬೇಕು? ಬ್ರೇಕೇ ಇಲ್ವಲ್ಲ."

"ಪೆಡಲನ್ನೇ ಹಿಂದಕ್ಕೆ ಒತ್ತಿ ಹಿಡೀಬೇಕು. ಅಲ್ಲೂ ಉದ್ದದ ತೋಳೇ ಮೇಲು. ಭಾರ ಎಲ್ಲ ಸೀಟಿನ ಮೇಲೆ ಬಿಟ್ಟು, ಕಣ್ಣು ನೆಲಕ್ಕೆ ಹಾಕದೆ ದೂರ ನೋಡ್ಬೇಕು ಅಂತ ಪುಸ್ತಕದಲ್ಲಿದೆ."

"ಓಹೋ, ಅದಕ್ಕೇನಾ" ಎಂದು ಅವಳು ತಟ್ಟೆ ತೆಗೆದುಕೊಂಡು ಎದ್ದಳು. ಯಾವುದಕ್ಕೇನಾ ಎಂದು ನಾನು ಕೇಳಲಿಲ್ಲ. ಹೆಂಡತಿ ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾಳಲ್ಲ ಎಂಬ ಸಂತೋಷಕ್ಕೇ ಹೊಟ್ಟೆ ತುಂಬಿತ್ತು.

ಈ ನಡುವೆ ಮನೆಯಲ್ಲಿ ಕೆಲವು ಸಣ್ಣ ಪುಟ್ಟ ತೊಂದರೆಗಳು ಶುರುವಾದವು. ನನ್ನ ಹಳೆಯ ಕಂದು ಪ್ಯಾಂಟು ಕಾಣೆಯಾಯಿತು. ಪಡಸಾಲೆಯ ಗೋಡೆಯ ಸುಣ್ಣ ಸೊಂಟದ ಎತ್ತರಕ್ಕೆ ಉದ್ದಕ್ಕೂ ಕೆತ್ತಿಹೋಗಿತ್ತು. ಕೆಳಮನೆ ಮೇಷ್ಟ್ರು ಒಂದು ದಿನ ತಡೆದು ನಿಲ್ಲಿಸಿ, "ಮಧ್ಯಾಹ್ನ ಆಯ್ತು ಅಂದ್ರೆ ನಿಮ್ಮನೇಲಿ ಏನೋ ದಬ್ ಅಂತ ಬೀಳುತ್ತಲ್ರೀ. ನನ್ನ ಸೂರಿನ ಮಣ್ಣು ಊಟದ ತಟ್ಟೆಗೆ ಉದುರುತ್ತೆ" ಎಂದರು. ಇಲಿ ಇರಬೇಕು ಎಂದೆ. "ಇಲಿ ಅಷ್ಟು ದಪ್ಪ ಇರುತ್ತಾ?" ಎಂದರು. ನಾನು ಇಲಿಬೋನಿನ ಅಳತೆಗೆ ಬೇರೆಯೇ ಒಂದು ಪಟ್ಟಿ ತೆರೆದೆ. ನನ್ನವಳ ಮೊಣಕೈಗೆ ತರಚಿತ್ತು. ಕೇಳಿದರೆ, "ಬಕೆಟ್ ಜಾರಿತು" ಎಂದಳು. ಸ್ಟೂಲಿನ ಮಾತು ಮತ್ತೆ ಬರಬಾರದೆಂದು ನಾನು ಅಷ್ಟಕ್ಕೇ ಸುಮ್ಮನಾದೆ.

ಅತ್ತ ಊರಿನಲ್ಲಿ ಎರಡು ಪಂಗಡವಾಯಿತು. ಚಕ್ರದ ವಿಷಯ ಬೇಗ ಬಗೆಹರಿಯಿತು. ಇಪ್ಪತ್ತು ಇಂಚೋ, ಇಪ್ಪತ್ತೊಂಬತ್ತೋ, ಮೂವತ್ತಾರೋ ಎಂದು ನಾವೆಲ್ಲ ಹದಿನೈದು ದಿನ ಜಗಳವಾಡಿದ ಮೇಲೆ ರಿಪೇರಿಯವನು, "ಇರೋದು ಒಂದೇ ಚಕ್ರ ಸ್ವಾಮಿ, ಅದು ಇಪ್ಪತ್ನಾಲ್ಕು. ಈ ಏರಿಗೆ ಅದು ಚೆನ್ನಾಗೇ ಆಗುತ್ತೆ" ಎಂದು ನಮ್ಮೆಲ್ಲರ ಸಂತೋಷ ಹಾಳು ಮಾಡಿದ. ಆದರೆ ಕ್ರ್ಯಾಂಕು ಉಳಿದಿತ್ತು. ಸೈಕಲ್ಲಿಗೆ ಇದ್ದದ್ದು ನೂರಾ ಐವತ್ತು ಮಿಲಿಮೀಟರಿನ ಉದ್ದದ ತೋಳು. ಅದೇ ಇರಲಿ ಎಂದು ಮೇಷ್ಟ್ರು. ನೂರಾ ಇಪ್ಪತ್ತೈದರ ಗಿಡ್ಡದ್ದು ಹಾಕಬೇಕು ಎಂದು ಷಡ್ಡಕ. ಕಟಿಂಗ್ ಶಾಪಿನಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರು ಎದ್ದು ನಿಂತು ವಾದ ಮಾಡಿದರು. ಈ ಗದ್ದಲ ಇನ್ನೊಂದು ವರ್ಷ ನಡೆಯಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಸಾಹೇಬರು ಸಮಿತಿ ಮಾಡಿದರು. ಸಾಹೇಬರು ಅಧ್ಯಕ್ಷರು, ಷಡ್ಡಕ ಸೈಕಲ್ ತಜ್ಞ, ಮೇಷ್ಟ್ರು ಸಾರ್ವಜನಿಕರ ಪರವಾಗಿ, ನಡಾವಳಿ ಬರೆಯಲು ನಾನು.

"ಗಿಡ್ಡದ್ದಿದ್ರೆ ಕಾಲು ಸಲೀಸಾಗಿ ಓಡುತ್ತೆ. ಪದಕ ಗೆದ್ದೋನು ನಾನು ಹೇಳ್ತಿದೀನಿ" ಎಂದ ಷಡ್ಡಕ.

"ಕೊನೇ ನೂರು ಹೆಜ್ಜೆ ತಳ್ಕೊಂಡು ಬಂದೋರು ಪದಕದ ಮಾತು ಆಡಬಾರ್ದು" ಎಂದರು ಮೇಷ್ಟ್ರು.

"ರೇಖಾಗಣಿತ ಹೇಳ್ಕೊಟ್ಟೋರಿಗೆ ಸೈಕಲ್ ಏನ್ ಗೊತ್ತು?"

"ಚಕ್ರ ಅಂದ್ರೆ ವೃತ್ತ ಕಣಯ್ಯಾ! ವೃತ್ತದ ವಿಷಯ ನನ್ ಕೇಳು!"

ಸಾಹೇಬರು ಮೇಜು ಕುಟ್ಟಿದರು. ಅವರು ಮೂವತ್ತು ವರ್ಷ ಕಚೇರಿ ನಡೆಸಿದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ. "ಇಬ್ಬರೂ ಹಿರಿಯರು. ಇಬ್ಬರ ಮಾತೂ ಉಳೀಬೇಕು. ಬರ್ಕೊಳ್ರೀ. ಎಡಗಡೆ ನೂರಾ ಇಪ್ಪತ್ತೈದು. ಬಲಗಡೆ ನೂರಾ ಐವತ್ತು."

ಷಡ್ಡಕ ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ಷಡ್ಡಕನ ಮುಖ ನೋಡಿದರು. ಆಮೇಲೆ ಇಬ್ಬರೂ ಒಪ್ಪಿದರು. ತಾನು ಗೆಲ್ಲದಿದ್ದರೂ ಚಿಂತೆಯಿಲ್ಲ, ಎದುರಿನವನು ಪೂರ್ತಿ ಗೆಲ್ಲಲಿಲ್ಲ ಎಂಬ ಸಮಾಧಾನ ಇಬ್ಬರ ಮುಖದಲ್ಲೂ ಇತ್ತು. ನಾನು ಸುಂದರ ಅಕ್ಷರದಲ್ಲಿ ಆದೇಶ ಬರೆದೆ. ಸಹಿ, ಮೊಹರು ಎಲ್ಲ ಆಯಿತು.

ಉದ್ಘಾಟನೆಗೆ ಎರಡು ದಿನ ಇರುವಾಗ ರಿಪೇರಿಯವನು ನಮ್ಮ ಮನೆಗೆ ಬಂದು ಆದೇಶ ಓದಿದ. ತಿರುಗಿಸಿ ಹಿಂದೆಯೂ ನೋಡಿದ.

"ಸ್ವಾಮಿ, ಇದು ಕುಂಟುತ್ತೆ."

"ಆದೇಶ ಕಣಯ್ಯಾ."

"ಹಾಗಾದ್ರೆ ಆದೇಶಾನೇ ಕುಂಟ್ಲಿ ಬಿಡಿ" ಎಂದು ಎಡಗಡೆಯ ಉದ್ದದ ತೋಳು ಬಿಚ್ಚಿ ಗಿಡ್ಡದ್ದು ಹಾಕಿದ. ಬಿಚ್ಚಿದ್ದನ್ನು ನನ್ನವಳು ತೆಗೆದು ಒಳಗಿಟ್ಟಳು. ಅವರಿಬ್ಬರೂ ಮುಖ ಮುಖ ನೋಡಿಕೊಂಡಂತೆ ನನಗೆ ಅನಿಸಿತು. ಆದರೆ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಈ ಕುಂಟು ಸೈಕಲ್ಲನ್ನು ದೇವಲೋಕದವರೂ ಹೊಡೆಯಲಾರರು. ನಾನು ಬಿದ್ದರೆ ತಪ್ಪು ಸಮಿತಿಯದು. ಸುಳ್ಳೂ ಉಳಿಯಿತು, ಮಾನವೂ ಉಳಿಯಿತು.

ಹಿಂದಿನ ಸಂಜೆ ನನ್ನವಳು ಬಟ್ಟೆ ಮಡಿಸುತ್ತಾ, "ನಾಳೆ ಅಕ್ಕನೂ ಬರ್ತಾಳಂತೆ. ಹದಿಮೂರು ವರ್ಷ ಅವಳ ಮನೆ ಪದಕ ಒರೆಸಿ ಬಂದಿದೀನಿ. ನಾಳೆ ಒಂದು ದಿನ ನಾನೂ ತಲೆ ಎತ್ಕೊಂಡು ನಿಲ್ತೀನಿ" ಎಂದಳು. ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ತಪ್ಪು ಸಮಿತಿಯದೇ ಆಗಲಿ, ಅಕ್ಕನ ಎದುರು ಡಾಂಬರಿನ ಮೇಲೆ ಅಂಗಾತ ಬಿದ್ದಿರುವುದು ಇವಳ ಗಂಡ ತಾನೇ? ನನಗೆ ನಿಜವಾಗಿಯೂ ನಾಚಿಕೆಯಾಯಿತು. "ಅಲ್ಲ ಕಣೇ, ಒಂದು ವಿಷಯ..." ಎಂದೆ. "ನಾಳೆ ಹೇಳಿ. ಈಗ ಹೋಗಿ ಹಾಲು ತನ್ನಿ" ಎಂದು ಪಾತ್ರೆ ಕೈಗಿಟ್ಟಳು.

ಮರುದಿನ ಬೆಳಿಗ್ಗೆ ಟ್ಯಾಂಕ್ ರಸ್ತೆಯ ಎರಡು ಬದಿಗೂ ಊರೇ ನೆರೆದಿತ್ತು. ಡಾಂಬರು ಕಪ್ಪಗೆ ಹೊಳೆಯುತ್ತಿತ್ತು. ಬುಡದಲ್ಲಿ ರಿಪೇರಿಯವನು ಸೈಕಲ್ಲು ಹಿಡಿದು ನಿಂತಿದ್ದ, ಸಾಹೇಬರು ಭಾಷಣ ಮುಗಿಸಿ ಮೈಕು ನನಗೆ ಕೊಟ್ಟರು. ಮೊದಲ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ತೋಳು ಕಟ್ಟಿ ನಿಂತ ಷಡ್ಡಕ. ನನ್ನವಳು ಕಾಣಲಿಲ್ಲ. ಕೈಯಲ್ಲಿ ನಾಲ್ಕು ಪುಟದ ಟಿಪ್ಪಣಿ ಇತ್ತು. ಏರಿನ ಕೋನ, ಚಕ್ರದ ಸುತ್ತಳತೆ, ತೋಳಿನ ಉದ್ದ, ಅದರಿಂದ ಉಂಟಾಗಬಹುದಾದ ಅಡಚಣೆಗಳು ಎಂದು ನಾನೇ ಬರೆದದ್ದು. ಮೊದಲ ಸಾಲು ಓದಿದೆ. ಎರಡನೆಯದು ಬಾಯಿಂದ ಹೊರಡಲಿಲ್ಲ. ಅವಳು ತಲೆ ಎತ್ತಿ ನಿಲ್ಲುವುದಿದ್ದರೆ ಈ ನಾಲ್ಕು ಪುಟದ ಮೇಲೆ ನಿಲ್ಲಲಾರಳು ಎನಿಸಿತು.

"ನನಗೆ ಈ ಸೈಕಲ್ ಹೊಡೆಯೋಕೆ ಬರಲ್ಲ" ಎಂದೆ. ಮೈಕು ಒಳ್ಳೆಯದಿತ್ತು, ಊರಿಗೆಲ್ಲ ಕೇಳಿಸಿತು. "ಯಾವತ್ತೂ ಹತ್ತಿಲ್ಲ. ಅವತ್ತು ಹೊತ್ಕೊಂಡು ಬಂದಿದ್ದೆ. ಮನೆಯವಳಿಗೆ ಸ್ಟೂಲ್ ಮಾಡ್ಸೋಣ ಅಂತ."

ಸಾಹೇಬರು ಕುರ್ಚಿ ಹುಡುಕಿಕೊಂಡು ಕೂತರು. ಷಡ್ಡಕನ ನಗು ಹೊಟ್ಟೆಯಿಂದ ಹೊರಟು ಇನ್ನೇನು ಬಾಯಿಗೆ ಬರಬೇಕು, ಅಷ್ಟರಲ್ಲಿ ಜನರ ಹಿಂದಿನಿಂದ ನನ್ನ ಕಂದು ಪ್ಯಾಂಟು ಬಂತು. ಪ್ಯಾಂಟಿನೊಳಗೆ ನನ್ನವಳಿದ್ದಳು. ಪಾದದ ಹತ್ತಿರ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿಕೊಂಡಿದ್ದಳು. ಚೀಲದಿಂದ ಉದ್ದದ ಎಡತೋಳು ತೆಗೆದು ರಿಪೇರಿಯವನಿಗೆ ಕೊಟ್ಟಳು.

"ಎರಡೂ ಕಡೆ ಒಂದೇ ಇರ್ಲಿ ಅಣ್ಣಾ. ಅಭ್ಯಾಸ ಆಗಿರೋದು ಅದೇ."

"ಆದೇಶ?" ಎಂದರು ಸಾಹೇಬರು ಕ್ಷೀಣವಾಗಿ.

"ಆದೇಶ ನೀವು ಹತ್ತಿ ಸಾರ್. ಸೈಕಲ್ ನಾನು ಹತ್ತೀನಿ."

ಐದು ನಿಮಿಷದಲ್ಲಿ ತೋಳು ಬದಲಾಯಿತು. ಅವಳು ರಿಪೇರಿಯವನ ಹೆಗಲು ಹಿಡಿದು ಸೀಟಿನ ಮೇಲೆ ಕೂತಳು. ಭಾರವೆಲ್ಲ ಸೀಟಿನ ಮೇಲೆ ಬಿಟ್ಟು, ದೂರ ನೋಡಿ, ತುಳಿದಳು. ಮೊದಲು ಕೈ ಎರಡೂ ಗಾಳಿಯಲ್ಲಿ ಬಡಿದಾಡಿದವು. ಆಮೇಲೆ ಚಕ್ರ ಸರಿಯಾಗಿ ಉರುಳತೊಡಗಿತು. ಹನ್ನೊಂದು ತಿಂಗಳು ಬೋರಲು ಬಕೆಟ್ಟಿನ ಮೇಲೆ ನಿಂತವಳಿಗೆ ಒಂದು ಚಕ್ರ ಯಾವ ಮಹಾ? ಅರ್ಧ ಏರಿನಲ್ಲಿ ಒಮ್ಮೆ ನಿಂತೇಬಿಟ್ಟಿತು ಎನ್ನುವಾಗ ನನ್ನ ಉಸಿರೂ ನಿಂತಿತು. "ಉದ್ದದ ತೋಳು ಕಣೇ, ಒತ್ತು!" ಎಂದು ಮೈಕಿನಲ್ಲೇ ಕೂಗಿದೆ. ಒತ್ತಿದಳು. ನೆತ್ತಿಯ ನೀರಿನ ಟ್ಯಾಂಕಿನ ಹತ್ತಿರ ಜಿಗಿದು ಇಳಿದಾಗ ಮೇಷ್ಟ್ರು ಟೋಪಿ ಎಸೆದು ಕುಣಿದರು. ಅದು ಅವರ ಟೋಪಿಯಲ್ಲ, ಷಡ್ಡಕನ ಹೆಲ್ಮೆಟ್ಟು.

ಎಲ್ಲರೂ ಏರು ಹತ್ತಿ ಅವಳನ್ನು ಸುತ್ತಿಕೊಂಡರು. ಅಕ್ಕ ಅವಳನ್ನು ತಬ್ಬಿಕೊಂಡು ಅತ್ತಳು. ಷಡ್ಡಕ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು, "ಅಲ್ಲಮ್ಮಾ, ಈ ಏರಿಗೆ ಅದೇ ಅಳತೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ.

ಅವಳು ನನ್ನ ಕಡೆ ಕೈ ತೋರಿಸಿದಳು. "ಅವರನ್ನ ಕೇಳಿ ಭಾವ. ದಿನಾ ಊಟದ ಹೊತ್ತಲ್ಲಿ ಪಾಠ ಹೇಳಿದ್ದು ನಮ್ಮವರೇ."

ಅದೇ ಧಾಟಿ. ಊರಿನ ಎದುರು ನಾನು ಕಣ್ಣೊರೆಸಿಕೊಂಡೆ. ಧೂಳು ಎಂದು ಹೇಳುವಂತೆಯೂ ಇರಲಿಲ್ಲ, ಹೊಸ ಡಾಂಬರು.

ಸಂಜೆ ಮನೆಯಲ್ಲಿ ಕೇಳಿದೆ. "ಮೊದಲಿಂದಲೂ ಗೊತ್ತಿತ್ತಾ?"

"ಟೈರಲ್ಲಿ ಗಾಳೀನೇ ಇರ್ಲಿಲ್ವಲ್ರೀ. ಗಾಳಿ ಇಲ್ದೆ ಯಾರು ಏರು ಹತ್ತಿ ಬರ್ತಾರೆ? ಭಾವನ ಮುಖ ನೋಡೋ ಹಾಗಿತ್ತು, ಅದಕ್ಕೆ ಸುಮ್ಮನಾದೆ. ಮಾರನೇ ದಿನ ಕಸ ಗುಡಿಸೋಕೆ ಅದನ್ನ ಪಕ್ಕಕ್ಕಿಡೋವಾಗ ಒಂದು ಸಲ ಹತ್ತಿ ನೋಡ್ದೆ. ಬಿದ್ದೆ. ಬಿದ್ದ ಮೇಲೆ ಬಿಡೋಕೆ ಮನಸ್ಸು ಬರ್ಲಿಲ್ಲ. ರಿಪೇರಿ ಅಣ್ಣನ ಹತ್ರ ಗಾಳಿ ಹಾಕಿಸ್ಕೊಂಡು ಬಂದೆ. ಆಮೇಲೆ ರಸ್ತೆ ಕೆಲಸದವರು ಊಟಕ್ಕೆ ಹೋದಾಗ ಏರಲ್ಲೂ ಹೊಡೆದೆ."

ಅಡುಗೆಮನೆಯಲ್ಲಿ ಒಂದು ಹೊಸ ಸ್ಟೂಲು ಇತ್ತು. ಅದನ್ನೂ ಅವಳೇ ತಂದಿದ್ದಳು. ನಾಲ್ಕು ಕಾಲು, ಮರದ್ದು. ಎತ್ತರ ಎಷ್ಟು ಎಂದು ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ.

"ಬನ್ನಿ, ಈಗ ನೀವು" ಎಂದು ಪಡಸಾಲೆಯಲ್ಲಿ ಸೈಕಲ್ಲು ಹಿಡಿದು ನಿಂತಳು. ಬೇಡ ಎನ್ನುವ ಮುಖ ನನಗೆ ಉಳಿದಿರಲಿಲ್ಲ. ಒಂದು ಕೈಯಲ್ಲಿ ಸುಣ್ಣ ಕೆತ್ತಿಹೋದ ಗೋಡೆ, ಇನ್ನೊಂದರಲ್ಲಿ ಅವಳ ಕೈ ಹಿಡಿದು ಹತ್ತಿದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಅಳೆದ ವಸ್ತುವೊಂದರ ಮೇಲೆ ನಾನೇ ಕೂತದ್ದು ಅದೇ ಮೊದಲು. ಮೇಲಿನಿಂದ ಪಡಸಾಲೆ ಬಹಳ ಉದ್ದ ಕಂಡಿತು.

"ತುಳೀರಿ" ಎಂದಳು.

"ತುಳೀತೀನಿ. ಆದ್ರೆ ನೋಡು, ನನ್ನ ಕಾಲಿಗೆ ಈ ನೂರಾ ಐವತ್ತು ಸ್ವಲ್ಪ ಜಾಸ್ತಿ ಆಯ್ತೇನೋ. ನೂರಾ ನಲವತ್ತಾದ್ರೆ..."

ಅವಳು ಕೈ ಬಿಟ್ಟಳು.

ಕೆಳಗಿನಿಂದ ಮೇಷ್ಟ್ರ ಕೂಗು ಕೇಳಿಸಿತು. "ಏನ್ರೀ ಅದು? ಮತ್ತೆ ಇಲಿ ಬಂತಾ?"

"ಹೌದು ಮೇಷ್ಟ್ರೇ!" ಎಂದು ನನ್ನವಳು ಕಿಟಕಿಗೆ ಹೋಗಿ ಕೂಗಿದಳು. "ಈ ಸಲ ದೊಡ್ಡದು!"